ಸ್ಪ್ಯಾನಿಷ್‌ನಲ್ಲಿ ‘ಪ್ವೇದೊ’ ಸರಿ, ‘ಪ್ವೆದೇಮೊಸ್’ ಯಾಕೆ ತಪ್ಪು?

ಪ್ರಶ್ನೆ: ನಾನು ಬೆಂಗಳೂರಲ್ಲಿ ಸಪೋರ್ಟ್ ಟೀಮ್‌ನಲ್ಲಿ ಕೆಲಸ ಮಾಡ್ತೀನಿ, ಕ್ಲೈಂಟ್ ಮೆಕ್ಸಿಕೋದವ್ರು. ಸ್ಪ್ಯಾನಿಷ್ ಎ2 (ಎರಡನೇ ಹಂತ) ಮುಗ್ಸಿದೀನಿ. ಸ್ಟೆಮ್ ಚೇಂಜಿಂಗ್ ವರ್ಬ್‌ಗಳ (ಬುಡದ ಸ್ವರ ಬದಲಾಗೋ ಕ್ರಿಯಾಪದ) ಟೇಬಲ್ ಎಲ್ಲಾ ಬಾಯಿಪಾಠ, ಟೆಸ್ಟ್‌ನಲ್ಲಿ ಸರಿಯಾಗೇ ಬರೀತೀನಿ, ಆದ್ರೆ ಕಾಲ್‌ನಲ್ಲಿ ಮಾತಾಡೋವಾಗ ‘ಪೊದೇಮೊಸ್’ (ನಮಗಾಗುತ್ತೆ) ಬದ್ಲು ‘ಪ್ವೆದೇಮೊಸ್’, ‘ಕೆರೇಮೊಸ್’ (ನಮಗೆ ಬೇಕು) ಬದ್ಲು ‘ಕ್ಯೆರೇಮೊಸ್’ ಅಂತ ಬಂದ್ಬಿಡುತ್ತೆ. ‘ನಾವು’ ರೂಪ ಮಾತ್ರ ಯಾಕೆ ಬದಲಾಗಲ್ಲ? ಯಾವ ವರ್ಬ್ ಬದಲಾಗುತ್ತೆ ಅಂತ ನೋಡಿದ ತಕ್ಷಣ ತಿಳ್ಕೊಳ್ಳೋಕೆ ದಾರಿ ಇದೆಯಾ? ಮತ್ತೆ ಮಲಗು ಅನ್ನೋ ‘ದೊರ್ಮೀರ್’ ಒಂದ್ಕಡೆ ‘ದ್ವೇರ್ಮೊ’ ಇನ್ನೊಂದ್ಕಡೆ ‘ದುರ್ಮ್ಯೋ’ ಆಗೋದು ಯಾಕೆ?

ಉತ್ತರ: ನಿಮ್ಮ ಟೇಬಲ್‌ನಲ್ಲಿ ತಪ್ಪಿಲ್ಲ, ಆದ್ರೆ ಆ ಟೇಬಲ್ ಮುಖ್ಯವಾದ ವಿಷಯಾನೇ ಹೇಳಲ್ಲ. ಕ್ಲಾಸ್‌ನಲ್ಲಿ ಆರು ಮನೆ ಬರ್ದು, ಬದಲಾಗೋ ನಾಲ್ಕು ಮನೆ ಸುತ್ತ ಗೆರೆ ಎಳ್ದು, ನೋಡಿ ಬೂಟ್ ಥರ ಕಾಣುತ್ತೆ, ಬೂಟ್ ಒಳಗಿರೋದು ಬದಲಾಗುತ್ತೆ ಹೊರಗಿರೋದು ಬದಲಾಗಲ್ಲ ಅಂತ ಹೇಳ್ಕೊಡ್ತಾರೆ. ಪೇಪರ್ ಮೇಲೆ ಇದು ಚೆನ್ನಾಗೇ ಕೆಲಸ ಮಾಡುತ್ತೆ. ಆದ್ರೆ ಮಾತಾಡೋವಾಗ ಯಾರ ಕಣ್ಮುಂದೇನೂ ಬೂಟ್ ಬರಲ್ಲ, ಬರೋದು ಸದ್ದು ಮಾತ್ರ. ಈ ವರ್ಬ್‌ಗಳು ಬದಲಾಗೋದೂ ಸದ್ದಿನ ಕಾರಣಕ್ಕೇನೇ, ‘ನಾನು’ ‘ನೀನು’ ‘ನಾವು’ ಅನ್ನೋ ಕಾರಣಕ್ಕಲ್ಲ.

ವಿಷಯ ಇಷ್ಟೇ: ಒತ್ತು ಎಲ್ಲಿ ಬೀಳುತ್ತೆ ಅನ್ನೋದು. ಒತ್ತು ಅಂದ್ರೆ ಒತ್ತಕ್ಷರ ಅಲ್ಲ, ಸ್ಟ್ರೆಸ್, ಪದದಲ್ಲಿ ಯಾವ ಜಾಗದ ಮೇಲೆ ದನಿ ಭಾರ ಹಾಕುತ್ತೆ ಅನ್ನೋದು. ಕೆಳಗೆ ನಾನು ಬರೆಯೋ ಸ್ಪ್ಯಾನಿಷ್ ಪದಗಳಲ್ಲಿ ದೀರ್ಘ ಸ್ವರ ಎಲ್ಲಿದ್ಯೋ ಅಲ್ಲಿ ಒತ್ತು ಅಂತ ಓದ್ಕೊಳಿ (ಸ್ಪ್ಯಾನಿಷ್‌ನಲ್ಲಿ ನಮ್ಮ ಥರ ಹ್ರಸ್ವ-ದೀರ್ಘ ಭೇದ ಇಲ್ಲ, ಇದು ತೋರ್ಸೋಕೆ ಮಾತ್ರ).

‘ಪೊದೇರ್’ ಅಂದ್ರೆ ಆಗು, ಸಾಧ್ಯವಾಗು. ಇದರ ಬುಡ ‘ಪೊದ್’, ಕೊನೆ ‘ಏರ್’. ಪ್ವೇದೊ, ಪ್ವೇದೆಸ್, ಪ್ವೇದೆ, ಪ್ವೇದೆನ್ (ನಾನು, ನೀನು, ಅವನು, ಅವರು) ಈ ನಾಲ್ಕರಲ್ಲೂ ದನಿ ಬೀಳೋದು ಬುಡದ ಮೇಲೆ, ಅಲ್ಲಿರೋ ‘ಒ’ ಆ ಭಾರಕ್ಕೆ ಒಡ್ದು ‘ವೆ’ ಆಗುತ್ತೆ. ‘ಪೊದೇಮೊಸ್’ ಅನ್ನೋವಾಗ ಭಾರ ಮುಂದಕ್ಕೆ ‘ದೇ’ ಮೇಲೆ ಹೋಯ್ತು, ಬುಡದ ‘ಒ’ ಮೇಲೆ ಏನೂ ಬೀಳ್ಲಿಲ್ಲ, ಅದಕ್ಕೆ ಅದು ಇದ್ದ ಹಾಗೇ ಉಳೀತು. ಯೋಚಿಸು ಅನ್ನೋ ‘ಪೆನ್ಸಾರ್’ ಕೂಡ ಹೀಗೇ, ಪ್ಯೇನ್ಸೊ, ಪ್ಯೇನ್ಸಸ್, ಪ್ಯೇನ್ಸ, ಪ್ಯೇನ್ಸನ್, ಆದ್ರೆ ಪೆನ್ಸಾಮೊಸ್. ಸ್ಪೇನ್‌ನಲ್ಲಿ ಬಳಸೋ ‘ನೀವುಗಳು’ ರೂಪಾನೂ ಪೆನ್ಸಾಯ್ಸ್, ಅಲ್ಲೂ ಭಾರ ಕೊನೇಲಿ. ಮೆಕ್ಸಿಕೋದಲ್ಲಿ ಆ ರೂಪ ಬಳಸೋದೇ ಇಲ್ಲ, ಅದಕ್ಕೆ ‘ಉಸ್ತೇದೆಸ್’ ಇದೆ, ಸೋ ನಿಮ್ಮ ಕೆಲಸಕ್ಕೆ ವರ್ತಮಾನದಲ್ಲಿ ಬದಲಾಗದೇ ಇರೋದು ‘ನಾವು’ ಒಂದೇ ಅಂತ ಇಟ್ಕೊಳಿ.

ಇದು ಒತ್ತಿನ ವಿಷಯಾನೇ ಅನ್ನೋದಕ್ಕೆ ಎರಡು ಸಾಕ್ಷಿ ಕೊಡ್ತೀನಿ. ಒಂದು, ನೀವು ಎ1ನಲ್ಲೇ ಕಲ್ತಿರೋ ಅಂಕಿ. 7 ಸ್ಯೇತೆ, ಆದ್ರೆ 70 ಸೆತೇಂತ, 700 ಸೆತೆಸ್ಯೇಂತೊಸ್. 9 ನ್ವೇಬೆ, ಆದ್ರೆ 90 ನೊಬೇಂತ, 900 ನೊಬೆಸ್ಯೇಂತೊಸ್. ಇಲ್ಲಿ ವರ್ಬೂ ಇಲ್ಲ, ನಾನು-ನಾವು ಅನ್ನೋದೂ ಇಲ್ಲ, ಆದ್ರೂ ಒತ್ತು ಬಿದ್ದ ಕಡೆ ‘ಯೆ’, ‘ವೆ’, ಒತ್ತು ಮುಂದೆ ಜರುಗಿದ ಕೂಡ್ಲೇ ಮತ್ತೆ ‘ಎ’, ‘ಒ’. ಬಾಗಿಲು ‘ಪ್ವೇರ್ತ’, ಬಾಗಿಲು ಕಾಯೋನು ‘ಪೊರ್ತೇರೊ’. ಹಲ್ಲು ‘ದ್ಯೇಂತೆ’, ಹಲ್ಲಿನ ಡಾಕ್ಟ್ರು ‘ದೆಂತೀಸ್ತ’. ಲ್ಯಾಟಿನ್‌ನಲ್ಲಿ ಎ, ಒ ಸ್ವರಕ್ಕೆ ನಮ್ಮಲ್ಲಿದ್ದಂಗೇ ಹ್ರಸ್ವ-ದೀರ್ಘ ಎರಡೂ ಇತ್ತು, ಅದರಲ್ಲಿ ಹ್ರಸ್ವ ಇದ್ದದ್ದು ಒತ್ತು ಬಿದ್ದಾಗ ಸ್ಪ್ಯಾನಿಷ್‌ಗೆ ಬರೋವಾಗ ಎರಡು ಸ್ವರವಾಗಿ ಒಡೀತು. ಪೋರ್ಚುಗೀಸ್‌ನಲ್ಲಿ ಹೀಗೆ ಒಡೀಲಿಲ್ಲ, ಅಲ್ಲಿ ಬಾಗಿಲು ಇವತ್ತಿಗೂ ‘ಪೋರ್ತ’ನೇ.

ಎರಡನೇ ಸಾಕ್ಷಿ ಅರ್ಜೆಂಟೀನಾ. ಅಲ್ಲಿ, ಉರುಗ್ವೆಲಿ, ‘ನೀನು’ ಅನ್ನೋದಕ್ಕೆ ‘ತೂ’ ಬದ್ಲು ‘ಬೋಸ್’ ಅಂತಾರೆ, ಅದರ ವರ್ಬ್ ರೂಪದಲ್ಲಿ ಒತ್ತು ಕೊನೇಲಿ ಬೀಳುತ್ತೆ. ಹಾಗಾಗಿ ಮೆಕ್ಸಿಕೋದೋನು ‘ಪ್ವೇದೆಸ್’, ‘ಕ್ಯೇರೆಸ್’, ‘ದ್ವೇರ್ಮೆಸ್’ ಅನ್ನೋ ಕಡೆ ಬ್ಯೂನಸ್ ಐರಿಸ್‌ನೋನು ‘ಪೊದೇಸ್’, ‘ಕೆರೇಸ್’, ‘ದೊರ್ಮೀಸ್’ ಅಂತಾನೆ. ಅದೇ ನೀನು, ಅದೇ ವರ್ಬ್, ಒತ್ತು ಜರುಗಿತು, ಬದಲಾವಣೆ ಮಾಯ. ಅರ್ಜೆಂಟೀನಾದೋರ ಇಂಟರ್‌ವ್ಯೂ ಕೇಳೋವಾಗ ಇವ್ರು ತಪ್ಪು ಮಾತಾಡ್ತಿದಾರಾ ಅಂತ ಅನ್ಸಿದ್ರೆ, ಇಲ್ಲ, ಅವ್ರೂ ಇದೇ ನಿಯಮಾನೇ ಪಾಲಿಸ್ತಿರೋದು.

ಈಗ ನಮ್ಮ ಕಡೆ ಬರೋಣ, ಯಾಕಂದ್ರೆ ಕನ್ನಡ ಮಾತಾಡೋರಿಗೆ ಕಷ್ಟ ಆಗೋ ಜಾಗ ಇದೇ. ಕನ್ನಡದಲ್ಲಿ ಒತ್ತು ಬದಲಾದ್ರೆ ಅರ್ಥ ಬದಲಾಗಲ್ಲ, ಅದಕ್ಕೆ ನಮ್ಮ ಕಿವಿ ಅದನ್ನ ಗಮನಿಸೋದೇ ಇಲ್ಲ. ಸ್ಪ್ಯಾನಿಷ್‌ನಲ್ಲಿ ‘ಆಬ್ಲೊ’ ಅಂದ್ರೆ ನಾನು ಮಾತಾಡ್ತೀನಿ, ‘ಅಬ್ಲೋ’ ಅಂದ್ರೆ ಅವನು ಮಾತಾಡ್ದ. ನಾವು ಎರಡನ್ನೂ ಒಂದೇ ಸಮ ಹೇಳ್ಬಿಡ್ತೀವಿ, ಎಲ್ಲಾ ಅಕ್ಷರಕ್ಕೂ ಸಮನಾದ ತೂಕ ಕೊಟ್ಟು. ಹಾಗೆ ಸಮನಾಗಿ ಹೇಳೋ ಬಾಯಿಗೆ ‘ಪ್ವೆದೇಮೊಸ್’ ಒಂಚೂರೂ ವಿಚಿತ್ರ ಅನ್ಸಲ್ಲ, ಯಾಕಂದ್ರೆ ‘ವೆ’ ಮತ್ತೆ ಭಾರ ಒಟ್ಟಿಗೇ ಹೋಗ್ಬೇಕು ಅನ್ನೋದು ಆ ಕಿವಿಗೆ ಗೊತ್ತೇ ಇಲ್ಲ. ಸೋ ಮೊದಲು ಸರಿ ಮಾಡ್ಬೇಕಿರೋದು ಒತ್ತು. ‘ಪೊದೇಮೊಸ್’ ಅನ್ನೋವಾಗ ‘ದೇ’ನ ಸ್ವಲ್ಪ ಅತಿ ಅನ್ನೋಷ್ಟು ಎಳ್ದೇ ಹೇಳಿ, ‘ಪೊ’ನ ಹಗುರವಾಗಿ ಬಿಟ್ಬಿಡಿ. ಹಾಗೆ ಹೇಳೋ ಅಭ್ಯಾಸ ಆದ್ಮೇಲೆ ‘ಪ್ವೆ’ ಅಂತ ಅಲ್ಲಿ ತುರುಕೋಕೆ ಬಾಯೇ ಒಪ್ಪಲ್ಲ.

ಆದ್ರೆ ನಮಗೊಂದು ಅನುಕೂಲಾನೂ ಇದೆ. ನಾವು ‘ಎಲ್ಲಿ’ ಅಂತ ಬರೀತೀವಿ, ‘ಯೆಲ್ಲಿ’ ಅಂತ ಹೇಳ್ತೀವಿ. ‘ಒಂದು’ ಅಂತ ಬರೀತೀವಿ, ‘ವೊಂದು’ ಅಂತ ಹೇಳ್ತೀವಿ. ಎ ಪಕ್ಕದಲ್ಲೇ ಯೆ, ಒ ಪಕ್ಕದಲ್ಲೇ ವೊ ಇರೋದು ನಮ್ಮ ನಾಲಿಗೆಗೆ ಹೊಸದಲ್ಲ. ನಮ್ಮಲ್ಲಿ ಅದು ಪದದ ಶುರುವಲ್ಲಿ ಆಗುತ್ತೆ, ಸ್ಪ್ಯಾನಿಷ್‌ನಲ್ಲಿ ಒತ್ತು ಬಿದ್ದಾಗ ಆಗುತ್ತೆ, ಅಷ್ಟೇ ವ್ಯತ್ಯಾಸ. ಇದರಿಂದಾನೇ ಒಂದು ಎಚ್ಚರಿಕೆ ಕೂಡ: ಅರ್ಥವಾಗುತ್ತೆ ಅನ್ನೋ ‘ಎಂತ್ಯೇಂದೊ’ನ ನಮ್ಮೋರು ‘ಯೆಂತ್ಯೇಂದೊ’ ಅಂತಾರೆ, ಶುರುವಿನ ‘ಎ’ಗೆ ಯಕಾರ ಬೇಡ, ಅದು ಬರ್ಬೇಕಾದ್ದು ಮಧ್ಯದಲ್ಲಿ ಮಾತ್ರ. ಹಾಗೇ ತ, ದ ನಮ್ಮ ತ, ದ ಥರಾನೇ ಹೇಳಿ, ಇಂಗ್ಲಿಷ್‌ನ ಟ, ಡ ಬೇಡ.

ನಿಮ್ಮ ಕಾಲ್ ವಿಷಯಕ್ಕೆ ಬಂದ್ರೆ, ಈ ತಪ್ಪು ಯಾವ ಕ್ಷಣದಲ್ಲಿ ಹುಟ್ಟುತ್ತೆ ಅಂತ ಒಮ್ಮೆ ಗಮನ ಇಟ್ಟು ಕೇಳಿಸ್ಕೊಳಿ. ಕ್ಲೈಂಟ್ ನಿಮ್ಮ ಟೀಮ್‌ನ ಕೇಳ್ತಾರೆ, ‘ಪ್ವೇದೆನ್ ಸೆರ್ರಾರ್ ಎಲ್ ಟಿಕೆಟ್ ಓಯ್?’, ಇವತ್ತು ಟಿಕೆಟ್ ಕ್ಲೋಸ್ ಮಾಡೋಕಾಗುತ್ತಾ ಅಂತ. ಕಿವೀಲಿ ‘ಪ್ವೇ’ ಇನ್ನೂ ಗುಂಯ್ ಅಂತಿರುತ್ತೆ, ನೀವು ಅದನ್ನೇ ಹಿಡ್ಕೊಂಡು ಕೊನೇಗೆ ‘ಮೊಸ್’ ಅಂಟಿಸ್ತೀರ, ‘ಪ್ವೆದೇಮೊಸ್’ ಆಯ್ತು. ಇಂಗ್ಲಿಷ್‌ನಲ್ಲಿ ಕ್ಯಾನ್ ಅಂತ ಕೇಳಿದ್ರೆ ಕ್ಯಾನ್ ಅಂತಾನೇ ವಾಪಸ್ ಹೇಳ್ಬೋದು, ಇಲ್ಲಿ ಹಾಗಾಗಲ್ಲ. ಸೋ ನೀವು ಅಭ್ಯಾಸ ಮಾಡ್ಬೇಕಿರೋದು ಆರು ಮನೆ ಟೇಬಲ್ ಅಲ್ಲ, ಈ ಪ್ರಶ್ನೆ-ಉತ್ತರದ ತಿರುವು:

ಪ್ವೇದೆನ್ ಸೆರ್ರಾರ್ ಎಲ್ ಟಿಕೆಟ್ ಓಯ್? — ಸೀ, ಪೊದೇಮೊಸ್ ಸೆರ್ರಾರ್ಲೊ ಓಯ್.
ಕ್ವಾಂದೊ ಎಂಪ್ಯೇಸನ್? (ಯಾವಾಗ ಶುರು ಮಾಡ್ತೀರ?) — ಎಂಪೆಸಾಮೊಸ್ ಮನ್ಯಾನ. (ನಾಳೆ)
ಎಂತ್ಯೇಂದೆನ್ ಎಲ್ ಪ್ರೊಬ್ಲೇಮ? — ಸೀ, ಲೊ ಎಂತೆಂದೇಮೊಸ್.
ಎಂಕ್ವೇಂತ್ರನ್ ಎಲ್ ಅರ್ಚೀಬೊ? (ಫೈಲ್ ಸಿಗ್ತಿದೆಯಾ?) — ನೊ, ನೊ ಲೊ ಎಂಕೊಂತ್ರಾಮೊಸ್.

ಫ್ರೆಂಡ್ ಒಬ್ರು ಸಿಕ್ಕಿದ್ರೆ ಅವ್ರು ಎಡಗಡೇದು ಕೇಳ್ಲಿ ನೀವು ಬಲಗಡೇದು ಹೇಳಿ, ಯಾರೂ ಇಲ್ಲಾಂದ್ರೆ ಪ್ರಶ್ನೆ ಮಾತ್ರ ಫೋನ್‌ನಲ್ಲಿ ರೆಕಾರ್ಡ್ ಮಾಡ್ಕೊಂಡು ಮಧ್ಯೆ ಜಾಗ ಬಿಟ್ಟು ಉತ್ತರ ಹೇಳಿ. ಇನ್ನೊಂದು, ಮೊದಲನೇ ಸಾಲಲ್ಲಿ ‘ಪೊದೇಮೊಸ್’ ಆದ್ಮೇಲೆ ‘ಸೆರ್ರಾರ್’ ಮುಟ್ಲೇ ಇಲ್ಲ ನೋಡಿ. ಸೆರ್ರಾರ್ ಕೂಡ ಬದಲಾಗೋ ವರ್ಬೇ (ಸ್ಯೇರ್ರೊ, ಸೆರ್ರಾಮೊಸ್), ಆದ್ರೆ ಎರಡು ವರ್ಬ್ ಒಟ್ಟಿಗೆ ಬಂದಾಗ ಮೊದಲನೇದು ಮಾತ್ರ ಬದಲಾಗುತ್ತೆ. ‘ಪ್ವೇದೊ ಸ್ಯೇರ್ರೊ’ ಅಂತ ಹೇಳೋರನ್ನ ಬೇಕಾದಷ್ಟು ಕೇಳಿದೀನಿ, ಅದು ‘ಪ್ವೇದೊ ಸೆರ್ರಾರ್’.

ಯಾವ ವರ್ಬ್ ಬದಲಾಗುತ್ತೆ ಅಂತ ನೋಡಿದ ತಕ್ಷಣ ಹೇಳೋಕಾಗುತ್ತಾ? ಇಲ್ಲ. ಇದನ್ನ ನೇರವಾಗೇ ಹೇಳ್ತೀನಿ, ಯಾಕಂದ್ರೆ ಇಲ್ಲದ ಸೂತ್ರ ಹುಡುಕ್ತಾ ತುಂಬಾ ಜನ ಟೈಮ್ ಕಳೀತಾರೆ. ‘ಎಂತೆಂದೇರ್’ ಅಂದ್ರೂ ಅರ್ಥ ಮಾಡ್ಕೊಳೋದು, ‘ಕೊಂಪ್ರೆಂದೇರ್’ ಅಂದ್ರೂ ಅದೇ, ಕೇಳೋಕೂ ಒಂದೇ ಥರ, ಆದ್ರೆ ಮೊದಲನೇದು ‘ಎಂತ್ಯೇಂದೊ’ ಆಗುತ್ತೆ, ಎರಡನೇದು ‘ಕೊಂಪ್ರೇಂದೊ’ ಆಗೇ ಉಳಿಯುತ್ತೆ. ತಿನ್ನೋದಕ್ಕೆ ‘ಕೊಮೇರ್’, ನಾನು ತಿಂತೀನಿ ಅನ್ನೋದು ‘ಕೋಮೊ’, ‘ಕ್ವೇಮೊ’ ಅಲ್ಲ. ಮಾರೋದು ‘ಬೆಂದೇರ್’, ಮಾರ್ತೀನಿ ‘ಬೇಂದೊ’. ಅದಕ್ಕೆ ಹೊಸ ವರ್ಬ್ ಕಲಿಯೋವಾಗ ಒಂಟಿಯಾಗಿ ಕಲೀಬೇಡಿ, ಜೋಡೀಲೇ ಕಲೀರಿ: ಪೊದೇರ್-ಪ್ವೇದೊ, ಪೆನ್ಸಾರ್-ಪ್ಯೇನ್ಸೊ, ಕೊಮೇರ್-ಕೋಮೊ. ಕನ್ನಡದಲ್ಲಿ ಕೊಡು-ಕೊಟ್ಟ, ಬರು-ಬಂದ, ಬೀಳು-ಬಿದ್ದ, ನಗು-ನಕ್ಕ ಇವನ್ನ ನಮಗೆ ಯಾರೂ ಟೇಬಲ್ ಹಾಕಿ ಕಲಿಸ್ಲಿಲ್ಲ, ಎರಡೂ ರೂಪ ಒಟ್ಟಿಗೇ ಕಿವಿಗೆ ಬಿದ್ದು ಬಂತು. ನಮ್ಮಲ್ಲಿ ಬುಡ ಬದಲಾಗೋದು ಕಾಲಕ್ಕೆ, ಅವ್ರಲ್ಲಿ ಒತ್ತಿಗೆ, ಆದ್ರೆ ಕಲಿಯೋ ರೀತಿ ಅದೇ ಆಗ್ಬೋದು.

ಪೂರ್ತಿ ಸೂತ್ರ ಇಲ್ದಿದ್ರೂ ಒಂದು ಸುಳಿವು ಚೆನ್ನಾಗಿ ಕೆಲಸ ಮಾಡುತ್ತೆ. ಆ ವರ್ಬ್‌ಗೆ ಸಂಬಂಧಪಟ್ಟ ನಾಮಪದ ನಿಮಗೆ ಗೊತ್ತಿದ್ರೆ ಅದರಲ್ಲಿ ‘ಯೆ’ ಅಥವಾ ‘ವೆ’ ಇದೆಯಾ ನೋಡಿ. ಮಧ್ಯಾಹ್ನದ ಊಟ ‘ಅಲ್ಮ್ವೇರ್ಸೊ’, ಸೋ ಊಟ ಮಾಡು ಅನ್ನೋ ‘ಅಲ್ಮೊರ್ಸಾರ್’ ಬದಲಾಗುತ್ತೆ. ಟೆಸ್ಟ್ ‘ಪ್ರುವೇಬ’, ಸೋ ‘ಪ್ರೊಬಾರ್’ ಬದಲಾಗುತ್ತೆ, ನಾನು ಟೆಸ್ಟ್ ಮಾಡ್ತೀನಿ ‘ಪ್ರುವೇಬೊ’. ಕಥೆ ‘ಕ್ವೇಂತೊ’, ಸೋ ಹೇಳು, ಎಣಿಸು ಅನ್ನೋ ‘ಕೊಂತಾರ್’ ಬದಲಾಗುತ್ತೆ. ಆಟ ‘ಹ್ವೇಗೊ’, ಸೋ ಆಡು ಅನ್ನೋ ‘ಹುಗಾರ್’ ಬದಲಾಗುತ್ತೆ. (ಹುಗಾರ್‌ನಲ್ಲಿ ‘ಉ’ ಇದ್ದೂ ‘ವೆ’ ಆಗುತ್ತಲ್ಲ ಅಂದ್ರೆ, ಹಳೇ ಸ್ಪ್ಯಾನಿಷ್‌ನಲ್ಲಿ ಅದು ಒಕಾರದ್ದೇ ಇತ್ತು, ಉ ಇಂದ ವೆ ಆಗೋದು ಇದೊಂದೇ, ಇದನ್ನ ಹಾಗೇ ಇಟ್ಕೊಳಿ.) ಆದ್ರೆ ಈ ಸುಳಿವನ್ನ ಕಣ್ಮುಚ್ಚಿ ನಂಬೋ ಹಾಗಿಲ್ಲ: ಉತ್ತರ ಅನ್ನೋದಕ್ಕೆ ‘ರೆಸ್ಪ್ವೇಸ್ತ’, ಆದ್ರೆ ಉತ್ತರ ಕೊಡ್ತೀನಿ ಅನ್ನೋದು ‘ರೆಸ್ಪೋಂದೊ’.

ಇನ್ನು ದೊರ್ಮೀರ್. ಇದರಲ್ಲಿ ಎರಡು ಬೇರೆ ಬೇರೆ ವಿಷಯ ಸೇರ್ಕೊಂಡಿದೆ, ಅದನ್ನ ಬಿಡಿಸಿ ನೋಡ್ದಿದ್ರೆ ಗೊಂದಲಾನೇ. ‘ದ್ವೇರ್ಮೊ’ ಮೇಲೆ ಹೇಳಿದ್ದೇ, ಒತ್ತು ಬುಡದ ಮೇಲೆ, ಒ ಒಡ್ದು ವೆ. ‘ದುರ್ಮ್ಯೋ’ ಅಂದ್ರೆ ಅವನು ಮಲಗಿದ, ಇಲ್ಲಿ ಒತ್ತು ಕೊನೇಲಿದೆ, ಹಾಗಾಗಿ ವೆ ಆಗೋ ಮಾತೇ ಇಲ್ಲ. ಇಲ್ಲಿ ಆಗಿರೋದು ಬೇರೆ, ಮುಂದೆ ಬರ್ತಿರೋ ‘ಯ್’ ಸದ್ದು ಹಿಂದಿನ ಸ್ವರಾನ ಮೇಲಕ್ಕೆ ಎಳ್ಕೊಂಡಿದೆ. ಬಾಯಿ ಮುಂದೆ ಯಕಾರಕ್ಕೆ ರೆಡಿ ಆಗ್ತಾ ಈಗಿನ ಒಕಾರಾನ ಉಕಾರ ಮಾಡ್ಬಿಡುತ್ತೆ, ಎಕಾರಾನ ಇಕಾರ ಮಾಡ್ಬಿಡುತ್ತೆ. ಇದೇ ಜಾತಿಯ ಕೆಲಸ ಕನ್ನಡದಲ್ಲೂ ಹಿಂದೆ ನಡ್ದಿದೆ. ತಮಿಳರು ‘ಎಲಿ’ ಅನ್ನೋದನ್ನ ನಾವು ‘ಇಲಿ’ ಅಂತೀವಿ, ಅವ್ರ ‘ಸೆವಿ’ ನಮ್ಮ ‘ಕಿವಿ’. ಮುಂದಿನ ಇಕಾರ ಹಿಂದಿನ ಎಕಾರಾನ ತನ್ನ ಕಡೆಗೆ ಎಳ್ಕೊಂಡಿರೋದು. ನಮ್ಮಲ್ಲಿ ಅದು ಪದದಲ್ಲೇ ಶಾಶ್ವತವಾಗಿ ಕೂತ್ಬಿಟ್ತು, ಸ್ಪ್ಯಾನಿಷ್‌ನಲ್ಲಿ ಒಂದೇ ವರ್ಬ್‌ನ ಕೆಲವು ರೂಪಗಳಲ್ಲಿ ಮಾತ್ರ ಕಾಣುತ್ತೆ.

ಎಲ್ಲೆಲ್ಲಿ ಕಾಣುತ್ತೆ? ಕೊನೇಲಿ ‘ಈರ್’ ಇರೋ ಬದಲಾಗೋ ವರ್ಬ್‌ಗಳಲ್ಲಿ ಮಾತ್ರ, ಅದೂ ಮುಂದೆ ‘ಯೋ’, ‘ಯೇರೊನ್’, ‘ಯೇಂದೊ’ ಬಂದಾಗ. ದುರ್ಮ್ಯೋ, ದುರ್ಮ್ಯೇರೊನ್ (ಅವರು ಮಲಗಿದ್ರು), ದುರ್ಮ್ಯೇಂದೊ (ಮಲಗ್ತಾ). ಕೇಳ್ಕೊಳ್ಳು, ಆರ್ಡರ್ ಮಾಡು ಅನ್ನೋ ‘ಪೆದೀರ್’ ಪಿದ್ಯೋ, ಪಿದ್ಯೇರೊನ್, ಪಿದ್ಯೇಂದೊ. ಅನ್ಸು ಅನ್ನೋ ‘ಸೆಂತೀರ್’ ಸಿಂತ್ಯೋ, ಸಿಂತ್ಯೇಂದೊ. ಆದ್ರೆ ನಾನು ಮಲಗಿದೆ ‘ದೊರ್ಮೀ’, ನಾವು ಮಲಗಿದ್ವಿ ‘ದೊರ್ಮೀಮೊಸ್’, ಇಲ್ಲಿ ಪೂರ್ತಿ ಈಕಾರ ಇದೆ, ಯಕಾರ ಇಲ್ಲ, ಸೋ ಬದಲಾವಣೆ ಇಲ್ಲ. ವಾಪಸ್ ಬರು ಅನ್ನೋ ‘ಬೊಲ್ಬೇರ್’ ಕೊನೇಲಿ ‘ಏರ್’ ಇರೋದ್ರಿಂದ ‘ಬೊಲ್ಬ್ಯೋ’ನೇ, ಬುಲ್ಬ್ಯೋ ಅಲ್ಲ. ‘ಆರ್’, ‘ಏರ್’ ವರ್ಬ್‌ಗಳಿಗೆ ಈ ಭೂತಕಾಲದಲ್ಲಿ ಸ್ಟೆಮ್ ಚೇಂಜ್ ಇಲ್ಲವೇ ಇಲ್ಲ: ಪೆನ್ಸೇ, ಪೆನ್ಸೋ, ಎಂತೆಂದೀ, ಎಂಕೊಂತ್ರೇ. ‘ಆಗ್ಲಿಲ್ಲ’ ಅನ್ನೋಕೆ ಬರೋ ‘ನೊ ಪೂದೆ’, ‘ನಾನು ಒಪ್ಲಿಲ್ಲ’ ಅನ್ನೋ ‘ನೊ ಕೀಸೆ’ ಮಾತ್ರ ಬೇರೆ ಕುಟುಂಬದವು, ಅವನ್ನ ಈ ಲೆಕ್ಕಕ್ಕೆ ಎಳೀಬೇಡಿ, ಹಾಗೇ ಕಲೀರಿ. ‘ಪೊದೇರ್’ ಕೊನೇಲಿ ‘ಏರ್’ ಇದ್ರೂ ‘ಪುದ್ಯೇಂದೊ’ ಅನ್ನೋ ಒಂದು ಅಪವಾದಾನೂ ಸಿಗುತ್ತೆ.

ಈ ‘ಈರ್’ ಗುಂಪಲ್ಲಿ ಇನ್ನೊಂದು ತೊಡಕು, ವರ್ತಮಾನದಲ್ಲಿ ಎಕಾರ ಕೆಲವಕ್ಕೆ ‘ಯೆ’ ಆಗುತ್ತೆ ಕೆಲವಕ್ಕೆ ‘ಇ’ ಆಗುತ್ತೆ. ಸೆಂತೀರ್-ಸ್ಯೇಂತೊ, ಪ್ರೆಫೆರೀರ್-ಪ್ರೆಫ್ಯೇರೊ, ಆದ್ರೆ ಪೆದೀರ್-ಪೀದೊ, ರೆಪೆತೀರ್-ರೆಪೀತೊ, ಸೆಗೀರ್-ಸೀಗೊ. ಆ ಎಕಾರದ ಮುಂದೆ ರಕಾರ ಅಥವಾ ‘ಂತ್’ ಇದ್ರೆ ಸಾಮಾನ್ಯವಾಗಿ ಯೆ, ಇಲ್ಲಾಂದ್ರೆ ಇ ಅಂತ ಇಟ್ಕೊಂಡ್ರೆ ಬಹುಪಾಲು ಸರಿ ಹೋಗುತ್ತೆ. ‘ಸೆರ್ಬೀರ್’ (ಬಡಿಸು, ಉಪಯೋಗಕ್ಕೆ ಬರು) ಮಾತ್ರ ಮಾತು ಕೇಳಲ್ಲ, ರಕಾರ ಇದ್ರೂ ಸೀರ್ಬೊ. ‘ನೊ ಸೀರ್ಬೆ’ ಅಂದ್ರೆ ಕೆಲಸ ಮಾಡ್ತಿಲ್ಲ ಅಂತ, ಸಪೋರ್ಟ್‌ನಲ್ಲಿರೋ ನಿಮಗೆ ಅದು ದಿನಾ ಕೇಳ್ಸುತ್ತೆ.

ಬಳಕೆ ಬಗ್ಗೆ ಎರಡು ಮೂರು ಮಾತು. ರಿಕ್ವೆಸ್ಟ್ ಮಾಡೋಕೆ ಪೆದೀರ್, ಪ್ರಶ್ನೆ ಕೇಳೋಕೆ ‘ಪ್ರೆಗುಂತಾರ್’, ನಾವು ಎರಡಕ್ಕೂ ‘ಕೇಳು’ ಅಂತೀವಲ್ಲ, ಅದಕ್ಕೇ ಇಲ್ಲಿ ನಮ್ಮೋರು ಮುಗ್ಗರಿಸ್ತಾರೆ. ‘ಮೆ ಸ್ಯೇಂತೊ’ ಅನ್ನೋದು ನನಗೆ ಅನ್ಸುತ್ತೆ ಅಂತಾನೂ ಆಗುತ್ತೆ, ನಾನು ಕೂತ್ಕೋತೀನಿ ಅಂತಾನೂ ಆಗುತ್ತೆ, ಸೆಂತೀರ್ ಮತ್ತೆ ಸೆಂತಾರ್ ಎರಡೂ ಅಲ್ಲಿ ಬಂದು ಸೇರ್ತವೆ, ಮಾತಿನ ಸಂದರ್ಭ ನೋಡ್ಕೊಳಿ. ನೋವಿಗೆ ‘ದೊಲೇರ್’: ‘ಮೆ ದ್ವೇಲೆ ಲ ಕಬೇಸ’, ನನಗೆ ತಲೆ ನೋಯ್ತಿದೆ. ಇದು ಇಂಗ್ಲಿಷ್‌ನೋರಿಗೆ ತಲೆಕೆಳಗಾಗಿ ಕಾಣುತ್ತೆ, ನಮಗೆ ಸಲೀಸು, ನನಗೆ ಅಂತ ಶುರು ಮಾಡಿ ನೋಯೋದನ್ನ ಕರ್ತೃ ಮಾಡೋದು ನಮ್ಮ ವಾಡಿಕೇನೇ. ‘ಮೆ ಕ್ವೇಸ್ತ’ ಕೂಡ ಹಾಗೇ, ನನಗೆ ಕಷ್ಟ ಆಗುತ್ತೆ ಅಂತ, ಅದೇ ‘ಕೊಸ್ತಾರ್’ ಬೆಲೆ ಕೇಳೋಕೂ ಬರುತ್ತೆ, ‘ಕ್ವಾಂತೊ ಕ್ವೇಸ್ತ?’.

ಕ್ಲೈಂಟ್ ಹತ್ರ ಮಾತಾಡೋವಾಗ ‘ಪ್ವೇದೆ ರೆಪೆತೀರ್?’ (ಇನ್ನೊಮ್ಮೆ ಹೇಳೋಕಾಗುತ್ತಾ?) ಸರಿಯಾದ್ದೇ, ಆದ್ರೆ ‘ಪೊದ್ರೀಯ ರೆಪೆತೀರ್, ಪೊರ್ ಫಬೋರ್?’ ಇನ್ನೂ ಮೃದು, ‘ಕ್ಯೇರೊ’ ಅನ್ನೋ ಕಡೆ ‘ಕೆರೀಯ’ ಅಂದ್ರೂ ಹಾಗೇ. ಒತ್ತು ‘ರೀ’ ಮೇಲೆ ಹೋಗಿರೋದ್ರಿಂದ ಈ ವಿನಯದ ರೂಪಗಳಲ್ಲಿ ಯೆ, ವೆ ಗಲಾಟೆ ಇಲ್ಲವೇ ಇಲ್ಲ. ಕಾಲ್ ಮಧ್ಯೆ ಗಾಬರಿಯಾಗಿ ‘ಪೊದೇರ್’ನ ಯಾವ ರೂಪ ಹೇಳ್ಲಿ ಅಂತ ತಡವರಿಸೋ ಹಾಗಾದ್ರೆ ಪೊದ್ರೀಯ, ನಾವು ಅನ್ನೋಕೆ ‘ಪೊದ್ರೀಯಮೊಸ್’, ಎರಡನ್ನೂ ನಾಲಿಗೆ ತುದೀಲಿ ಇಟ್ಕೊಳಿ.

ಮುಂದಿನ ಹಂತ ಬಿ1ಗೆ ಹೋದಾಗ ಸಬ್ಜಂಕ್ಟಿವ್ (ಆಸೆ, ಅನುಮಾನ ಇಂಥವನ್ನ ಹೇಳೋ ವರ್ಬ್ ರೂಪ) ಬರುತ್ತೆ, ಅಲ್ಲೂ ‘ಆರ್’, ‘ಏರ್’ ವರ್ಬ್‌ಗಳು ಒತ್ತಿನ ಹಿಂದೇನೇ ಹೋಗ್ತವೆ: ಪ್ಯೇನ್ಸೆ, ಪೆನ್ಸೇಮೊಸ್, ಪ್ವೇದ, ಪೊದಾಮೊಸ್. ‘ಈರ್’ ಗುಂಪಲ್ಲಿ ಮಾತ್ರ ‘ನಾವು’ ಕೂಡ ಬದಲಾಗುತ್ತೆ, ದುರ್ಮಾಮೊಸ್, ಪಿದಾಮೊಸ್, ಸಿಂತಾಮೊಸ್ ಅಂತ. ಅಲ್ಲಿ ಯಕಾರ ಕಾಣ್ತಿಲ್ವಲ್ಲ ಅಂತ ನೀವು ಕೇಳ್ತೀರ, ಲ್ಯಾಟಿನ್‌ನಲ್ಲಿ ಆ ರೂಪದ ಕೊನೇಲಿ ಇಕಾರ ಇತ್ತು, ಅದು ಬಿದ್ದುಹೋಯ್ತು, ಅದು ಎಳೆದ ಸ್ವರ ಮಾತ್ರ ಮೇಲೇ ಉಳೀತು.